ಪಿಪಿಎಚ್‌ಎನ್ ಅಂದರೇನು?

ಹುಟ್ಟುವಾಗ ಉಸಿರುಕಟ್ಟಿ, ತಡವಾಗಿ ಅತ್ತ ಮಗುವಿನ ಕೇಸ್ ಶೀಟಿನಲ್ಲಿ ಕೆಲವೊಮ್ಮೆ ಪಿಪಿಎಚ್‌ಎನ್ ಎಂದು ಬರೆದಿರುತ್ತಾರೆ. ಬಿಡಿಸಿ ಹೇಳಿದರೆ ಪರ್ಸಿಸ್ಟೆಂಟ್ ಪಲ್ಮನರಿ ಹೈಪರ್‌ಟೆನ್ಶನ್ ಆಫ್ ದ ನ್ಯೂಬಾರ್ನ್. ‘ಪರ್ಸಿಸ್ಟೆಂಟ್’ ಅಂದ ಕೂಡಲೇ, ಇದು ಜೀವನಪೂರ್ತಿ ಇರುವ ಕಾಯಿಲೆ ಅಂತ ಮನೆಯವರಿಗೆ ಎದೆ ಒಡೆಯುತ್ತದೆ. ದಯವಿಟ್ಟು ಹಾಗೆ ತಿಳಿಯಬೇಡಿ. ಶ್ವಾಸಕೋಶದ ರಕ್ತನಾಳಗಳಲ್ಲಿ ಹೊಟ್ಟೆಯೊಳಗಿದ್ದಾಗಿನ ಒತ್ತಡ ಇನ್ನೂ ಇಳಿದಿಲ್ಲ ಎಂಬುದಷ್ಟೇ ಅದರ ಅರ್ಥ.

ಹೊಟ್ಟೆಯಲ್ಲಿರುವಾಗ ಆಕ್ಸಿಜನ್ ಬರುವುದು ಮಾಸಿನಿಂದ, ಹೊಕ್ಕುಳಬಳ್ಳಿಯ ಮೂಲಕ. ಶ್ವಾಸಕೋಶದ ತುಂಬ ನೀರು. ಅಲ್ಲಿನ ರಕ್ತನಾಳಗಳು ಬಿಗಿದುಕೊಂಡಿರುತ್ತವೆ. ರಕ್ತದ ಬಹುಪಾಲು ಶ್ವಾಸಕೋಶಕ್ಕೆ ಹೋಗದೆ ಎರಡು ಅಡ್ಡದಾರಿಗಳಲ್ಲಿ ದಾಟಿಹೋಗುತ್ತದೆ: ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಕಿಂಡಿ, ಮತ್ತೆ ಹೃದಯದ ಹೊರಗಿರುವ ಡಕ್ಟಸ್ ಎಂಬ ಪುಟ್ಟ ನಾಳ. ಮೊದಲ ಉಸಿರಿಗೆ ಆ ಬಿಗಿ ಸಡಿಲಬೇಕು. ಆಕ್ಸಿಜನ್ ಸಿಗದೆ, ರಕ್ತದಲ್ಲಿ ಆಮ್ಲ ಜಾಸ್ತಿಯಾದರೆ ಸಡಿಲುವುದಿಲ್ಲ. ಮಗು ಒಳಗೇ ಮಲ ಮಾಡಿ, ಅದು ಬೆರೆತ ಗರ್ಭದ ನೀರನ್ನು ಶ್ವಾಸಕೋಶಕ್ಕೆ ಎಳೆದುಕೊಂಡಿದ್ದರಂತೂ ಇನ್ನೂ ಕಷ್ಟ.

ಬಿಗಿದ ನಾಳಗಳೊಳಗೆ ರಕ್ತ ತಳ್ಳುವ ಹೊರೆ ಬೀಳುವುದು ಹೃದಯದ ಬಲಭಾಗಕ್ಕೆ. ಆ ಸ್ನಾಯು ಆಕ್ಸಿಜನ್ ಇಲ್ಲದೆ ಮೊದಲೇ ಬಳಲಿದೆ ಅಲ್ವಾ? ಬಿಪಿ ಇಳಿಯುತ್ತದೆ. ಬಿಪಿ ಇಳಿದಷ್ಟೂ ಅಡ್ಡದಾರಿ ಹಿಡಿಯುವ ರಕ್ತ ಹೆಚ್ಚುತ್ತದೆ.

ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಇದು ಕಣ್ಣಿಗೇ ಕಾಣುತ್ತದೆ. ಮಗುವಿನ ಬಲ ಅಂಗೈಗೆ ಒಂದು, ಪಾದಕ್ಕೆ ಒಂದು, ಕೆಂಪು ಬೆಳಕಿನ ಪ್ರೋಬ್ ಸುತ್ತಿರುತ್ತಾರೆ. ರಕ್ತದ ಆಕ್ಸಿಜನ್ ಮಟ್ಟ ಕೈಯಲ್ಲಿ ಶೇ. 95 ಇದ್ದರೆ ಕಾಲಲ್ಲಿ ಶೇ. 82 ಇರಬಹುದು. ಬಲಗೈಗೆ ಹೋಗುವ ರಕ್ತ ಡಕ್ಟಸ್‌ಗಿಂತ ಮೊದಲೇ ಕವಲೊಡೆಯುತ್ತದೆ. ಕಾಲಿನ ಕಡೆ ಹೋಗುವುದಕ್ಕೆ ಆಕ್ಸಿಜನ್ ಕಾಣದ ರಕ್ತ ಬಂದು ಬೆರೆಯುತ್ತದೆ. ರಕ್ತ ಬರೀ ಕಿಂಡಿಯಿಂದ ದಾಟುತ್ತಿದ್ದರೆ ಈ ವ್ಯತ್ಯಾಸ ಕಾಣುವುದಿಲ್ಲ. ಹಾಗಾಗಿ ಎಕೋ, ಅಂದರೆ ಹೃದಯದ ಸ್ಕ್ಯಾನ್, ಬೇಕೇ ಬೇಕು. ಹುಟ್ಟಿನಿಂದಲೇ ಹೃದಯದ ರಚನೆಯಲ್ಲಿ ದೋಷವಿದೆಯೇ ಅಂತಲೂ ಅದರಲ್ಲೇ ತಿಳಿಯುತ್ತದೆ.

ವೆಂಟಿಲೇಟರ್, ಬಿಪಿ ಏರಿಸುವ ಔಷಧಿ, ನಾಳ ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಗ್ಯಾಸ್, ಅದು ಸಿಗದ ಕಡೆ ಸಿಲ್ಡೆನಾಫಿಲ್ ಎಂಬ ಔಷಧಿ. ಚಿಕಿತ್ಸೆ ಹೀಗೆ ಸಾಗುತ್ತದೆ. ಮೆದುಳಿಗೂ ಪೆಟ್ಟಾಗಿದ್ದರೆ 72 ಗಂಟೆ ಮೈಯನ್ನು 33–34 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಂಪಾಗಿಡುತ್ತಾರೆ. ತಂಪಿಗೂ ನಾಳ ಬಿಗಿಯಬಹುದು. ಅದಕ್ಕೇ ಆ ಮೂರು ದಿನ ಕಣ್ಣು ಮಿಟುಕಿಸದ ಕಾವಲು.

ಮುಟ್ಟಿದರೂ, ಜೋರಾಗಿ ಮಾತಾಡಿದರೂ ಈ ಮಕ್ಕಳ ಆಕ್ಸಿಜನ್ ಸರ್ರನೆ ಇಳಿಯುತ್ತದೆ. “ಮುಟ್ಟಬೇಡಿ ಅಮ್ಮ, ಸುಮ್ನೆ ಪಕ್ಕದಲ್ಲಿ ನಿಂತಿರಿ” ಎಂದು ಸಿಸ್ಟರ್ ಹೇಳುವುದು ಇದಕ್ಕೇ. ನಿಂತಾಗ ಕಾಲಿನ ನಂಬರು ನೋಡುತ್ತಿರಿ. ಅದು ಮೆಲ್ಲಗೆ ಏರಿ ಕೈಯ ನಂಬರಿಗೆ ಹತ್ತಿರವಾಗುತ್ತಿದ್ದರೆ, ಒಳಗೆ ನಾಳಗಳ ಬಿಗಿ ಬಿಡುತ್ತಿರಬಹುದು.