ಬೀಗದ ಕೈ ಯಾರ ಹತ್ತಿರ ಇದೆ? ಆನ್‌ಲೈನ್ ಲೋಕಗಳಲ್ಲಿ ಕ್ರಾಂತಿ ನಡೆದು ಬಂದ ದಾರಿ

2004ರಲ್ಲಿ ದಕ್ಷಿಣ ಕೊರಿಯಾದ ಲಿನೇಜ್ 2 ಅನ್ನುವ, ಸಾವಿರಾರು ಜನ ಇಂಟರ್ನೆಟ್‌ನಲ್ಲಿ ಒಟ್ಟಿಗೆ ಆಡುವ ಆಟದಲ್ಲಿ ಒಂದು ಸೈನ್ಯ ಎದ್ದಿತು. ಸೈನಿಕರ ಮೈಮೇಲೆ ಕವಚ ಇರಲಿಲ್ಲ, ಒಳಉಡುಪು ಮಾತ್ರ. ಕೈಯಲ್ಲಿ ಒಂದು ಚಿಕ್ಕ ಚೂರಿ. ಅವೆಲ್ಲ ಆಗತಾನೇ ಹುಟ್ಟಿದ ಪಾತ್ರಗಳು. ಬಲವಾದ ಆಟಗಾರ ಒಂದು ಏಟು ಕೊಟ್ಟರೆ ಮುಗೀತು, ನೆಲಕ್ಕೆ ಬೀಳುತ್ತಿದ್ದವು. ಬಿದ್ದವರು ಮತ್ತೆ ಎದ್ದು ಅಲ್ಲಿಗೇ ಓಡಿ ಬರುತ್ತಿದ್ದರು. ಜನ ಇವರನ್ನು ಒಳಉಡುಪಿನ ದಂಡು ಅಂತ ಕರೆದರು.

ಇದು ನಡೆದದ್ದು ಬಾರ್ಟ್ಸ್ ಅನ್ನುವ ಸರ್ವರ್‌ನಲ್ಲಿ, ಅಂದರೆ ಆ ಆಟದ ಒಂದು ಪ್ರತ್ಯೇಕ ಲೋಕದಲ್ಲಿ. ಅಲ್ಲಿ ಡ್ರ್ಯಾಗನ್ ನೈಟ್ಸ್ ಅನ್ನುವ ಗುಂಪಿನದ್ದೇ ದರ್ಬಾರು. ಎಲ್ಲರೂ ಅವರನ್ನು ಡಿಕೆ ಅನ್ನುತ್ತಿದ್ದರು. ಲಿನೇಜ್‌ನಲ್ಲಿ ಕೋಟೆ ಗೆದ್ದವರಿಗೆ ಆ ಊರಿನ ಅಂಗಡಿಗಳ ಮೇಲೆ ತೆರಿಗೆ ಹಾಕುವ ಹಕ್ಕು ಸಿಗುತ್ತದೆ. ಡಿಕೆ ಮತ್ತು ಅವರ ಮಿತ್ರರು 10 ಶೇಕಡಾ ಇದ್ದ ತೆರಿಗೆಯನ್ನು 15ಕ್ಕೆ ಏರಿಸಿದರು. ಒಳ್ಳೆ ಬೇಟೆಯ ಜಾಗಗಳಿಗೆ ಬೇರೆಯವರು ಕಾಲಿಡದ ಹಾಗೆ ಮಾಡಿದರು. ಒಳಗೆ ಬಂದವರನ್ನು ಕೊಂದು ಹಾಕಿದರು. ದಿನವಿಡೀ ದುಡಿದು ಬಂದು ರಾತ್ರಿ ಎರಡು ಗಂಟೆ ಆಡೋಣ ಅಂತ ಕೂತವನಿಗೆ ಅಲ್ಲೂ ನೆಮ್ಮದಿ ಇರಲಿಲ್ಲ.

ಮೇ ತಿಂಗಳಲ್ಲಿ 'ಕೆಂಪು ಕ್ರಾಂತಿ' ಅನ್ನುವ ಚಿಕ್ಕ ಗುಂಪು ಗಿರಾನ್ ಕೋಟೆಯನ್ನು ಕಿತ್ತುಕೊಂಡಿತು. ತೆರಿಗೆ ಸೊನ್ನೆ ಅಂತ ಸಾರಿತು. ಎಲ್ಲ ಹೊತ್ತಿಕೊಂಡದ್ದು ಆಮೇಲೆ. ಬೇರೆ ಸರ್ವರ್‌ಗಳ ಆಟಗಾರರು ತಮ್ಮ ಬಲವಾದ ಪಾತ್ರಗಳನ್ನು ಅಲ್ಲೇ ಬಿಟ್ಟು, ಬಾರ್ಟ್ಸ್‌ನಲ್ಲಿ ಹೊಸ ಪಾತ್ರ ಹುಟ್ಟಿಸಿಕೊಂಡು ಬಂದರು. ಅವರಿಗೆ ಗೆದ್ದರೂ ಏನೂ ಸಿಗುತ್ತಿರಲಿಲ್ಲ. ಒಬ್ಬ ಡಿಕೆ ಯೋಧನನ್ನು ಹತ್ತಾರು ಜನ ಸುತ್ತುವರಿಯುವುದು, ದಾರಿ ಕಟ್ಟುವುದು, ಸಾಯುವುದು, ಮತ್ತೆ ಬರುವುದು. ಹನಿ ಹನಿ ಕೂಡಿ ಹಳ್ಳ ಆಯಿತು. ಜುಲೈ ಹೊತ್ತಿಗೆ ಡಿಕೆ ವಿರುದ್ಧ ಕೂಡಿದ ಒಕ್ಕೂಟದವರು ದೊಡ್ಡ ಕೋಟೆ ಆಡೆನ್ ಅನ್ನೂ ಗೆದ್ದರು.

ಆಮೇಲೆ ಗೆದ್ದವರೇ ಜಗಳಕ್ಕೆ ಬಿದ್ದರು. ಯಾವ ಕೋಟೆ ಯಾರಿಗೆ, ಬೇಟೆಯ ಜಾಗ ಯಾರಿಗೆ ಅನ್ನುವುದರಲ್ಲೇ ಒಕ್ಕೂಟ ಒಡೆಯಿತು. ಸುಮ್ನೆ ಸಹಾಯಕ್ಕೆ ಬಂದಿದ್ದವರು ಬೇಸರದಿಂದ ವಾಪಸ್ ಹೋದರು. ಡಿಕೆ ಮತ್ತೆ ತಲೆ ಎತ್ತಿತು.

ಈ ಕತೆ ಓದಿದಾಗಲೆಲ್ಲ ನನಗೆ ಆ ಜಗಳಕ್ಕಿಂತ ಜಾಸ್ತಿ ಕಾಡುವುದು ಇನ್ನೊಂದು ವಿಷಯ. ಈ ಕ್ರಾಂತಿ ಆಟದ ಒಳಗೇ ಹುಟ್ಟಿತು, ಒಳಗೇ ನಡೆಯಿತು. ಕೋಟೆ ಗೆದ್ದವರಿಗೆ ತೆರಿಗೆಯ ಹಕ್ಕು ಅನ್ನುವ ನಿಯಮ ಬರೆದದ್ದು ಕಂಪನಿ. ಆ ನಿಯಮವನ್ನು ಯಾರೂ ಮುಟ್ಟಲಿಲ್ಲ, ಮುಟ್ಟಲು ಆಗುತ್ತಲೂ ಇರಲಿಲ್ಲ. ಸಿಂಹಾಸನದ ಮೇಲೆ ಕೂತವರು ಬದಲಾದರು, ಸಿಂಹಾಸನ ಹಾಗೇ ಉಳಿಯಿತು. ಆನ್‌ಲೈನ್ ಲೋಕಗಳಲ್ಲಿ ನಡೆದ ಕ್ರಾಂತಿಗಳನ್ನೆಲ್ಲ ನಾನು ಒಂದೇ ಪ್ರಶ್ನೆ ಇಟ್ಟುಕೊಂಡು ನೋಡುತ್ತೇನೆ: ಬೀಗದ ಕೈ ಯಾರ ಹತ್ತಿರ ಇದೆ?

ಈ ಪ್ರಶ್ನೆ ಶುರುವಿನಿಂದಲೂ ಇದೆ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮಡ್ ಅನ್ನುವ ಆಟ ಬರೆಯಲು ತೊಡಗಿದರು, ರಿಚರ್ಡ್ ಬಾರ್ಟಲ್ ಅದನ್ನು ಮುಂದುವರಿಸಿದರು. ಚಿತ್ರ ಇಲ್ಲ, ಬರೀ ಅಕ್ಷರ. ಹಲವರು ಒಟ್ಟಿಗೆ ಒಂದೇ ಲೋಕದಲ್ಲಿ ಓಡಾಡಬಹುದಿತ್ತು. ಅದರಲ್ಲಿ ಸಾಕಷ್ಟು ಅಂಕ ಗಳಿಸಿದವರು 'ವಿಝರ್ಡ್', ಅಂದರೆ ಮಾಂತ್ರಿಕರಾಗುತ್ತಿದ್ದರು. ಉಳಿದವರಿಗೆ ಇಲ್ಲದ ಶಕ್ತಿ ಅವರಿಗೆ ಇರುತ್ತಿತ್ತು. ಆಮೇಲಿನ ಎಷ್ಟೋ ಲೋಕಗಳಲ್ಲಿ ಅಡ್ಮಿನ್‌ಗಳಿಗೇ ಈ ಹೆಸರು ಅಂಟಿಕೊಂಡಿತು.

1997ರ ಆಗಸ್ಟ್‌ನಲ್ಲಿ ಅಲ್ಟಿಮಾ ಆನ್‌ಲೈನ್ ಇನ್ನೂ ಪರೀಕ್ಷೆಯ ಹಂತದಲ್ಲಿದ್ದಾಗ ಒಬ್ಬ ಆಟಗಾರ ರಾಜನನ್ನೇ ಕೊಂದುಬಿಟ್ಟ. ಲಾರ್ಡ್ ಬ್ರಿಟಿಷ್ ಅನ್ನುವ ಆ ರಾಜನ ಪಾತ್ರ ಆಡುತ್ತಿದ್ದದ್ದು ಆಟದ ಸೃಷ್ಟಿಕರ್ತ ರಿಚರ್ಡ್ ಗ್ಯಾರಿಯಟ್. ಸರ್ವರ್ ಮತ್ತೆ ಶುರುವಾದ ಮೇಲೆ ಅವರು ತಮ್ಮ ಪಾತ್ರಕ್ಕೆ ಸಾವಿಲ್ಲದ ರಕ್ಷಣೆ ಹಾಕಿಕೊಳ್ಳುವುದನ್ನು ಮರೆತಿದ್ದರು. ಆಟಗಾರ ಸುಮ್ಮನೆ ಒಂದು ಬೆಂಕಿಯ ಮಂತ್ರ ಎಸೆದ, ರಾಜ ಬಿದ್ದ. ಆದರೆ ರಾಜ್ಯ ಅಲ್ಲಾಡಲಿಲ್ಲ. ರಾಜ ಮರಳಿ ಬಂದರು, ಕೊಂದವನ ಖಾತೆ ಬ್ಯಾನ್ ಆಯಿತು. ಹಳೆಯ ತಪ್ಪುಗಳಿಗಾಗಿ ತೆಗೆದೆವು ಅಂತ ಕಂಪನಿ ಹೇಳಿತು.

ಹಾಗಾದರೆ ಬೀಗದ ಕೈ ಇರುವವರೇ ಅದನ್ನು ಕೆಳಗಿಟ್ಟರೆ? ಲ್ಯಾಂಬ್ಡಾಮೂ ಅನ್ನುವ ಅಕ್ಷರಲೋಕದಲ್ಲಿ ಅದೂ ಆಗಿ ನೋಡಿತು. 1990ರಲ್ಲಿ ಝೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದ ಪಾವೆಲ್ ಕರ್ಟಿಸ್ ಇದನ್ನು ಶುರು ಮಾಡಿದರು. ಜನ ಬಂದರು, ಮನೆ ಕಟ್ಟಿಕೊಂಡರು, ಜಗಳವೂ ಬಂತು. ಪ್ರತಿ ಜಗಳಕ್ಕೂ ಮಾಂತ್ರಿಕರೇ ನ್ಯಾಯ ಹೇಳಬೇಕಿತ್ತು. ಅವರು ಸುಸ್ತಾದರು. 1992ರ ಕೊನೆಗೆ ಕರ್ಟಿಸ್ ಒಂದು ಘೋಷಣೆ ಹಾಕಿದರು: ಇನ್ನು ಮುಂದೆ ಮಾಂತ್ರಿಕರು ತಾಂತ್ರಿಕ ಕೆಲಸ ಮಾತ್ರ ನೋಡಿಕೊಳ್ಳುತ್ತಾರೆ, ಜನರ ವ್ಯವಹಾರ ಜನರಿಗೇ ಬಿಟ್ಟಿದ್ದು.

ಕೆಲವೇ ತಿಂಗಳಲ್ಲಿ ಅದಕ್ಕೆ ಪರೀಕ್ಷೆ ಬಂತು. 1993ರಲ್ಲಿ ಮಿಸ್ಟರ್ ಬಂಗಲ್ ಅನ್ನುವ ಪಾತ್ರ ತುಂಬಿದ ಕೋಣೆಯಲ್ಲಿ ಒಂದು ಪ್ರೋಗ್ರಾಂ ಬಳಸಿ, ಬೇರೆಯವರ ಪಾತ್ರಗಳು ಅಸಹ್ಯ ಲೈಂಗಿಕ ಕೆಲಸ ಮಾಡುತ್ತಿವೆ ಅನ್ನುವಂಥ ಸಾಲುಗಳನ್ನು ಎಲ್ಲರ ಕಣ್ಣೆದುರು ಬರೆಸಿದ. ಅಕ್ಷರ ಅಷ್ಟೇ ಅಲ್ವಾ ಅಂದವರೂ ಇದ್ದರು. ಆ ಪಾತ್ರಗಳ ಹಿಂದೆ ಕೂತಿದ್ದವರಿಗೆ ಅದು ಅಷ್ಟೇ ಆಗಿರಲಿಲ್ಲ. ಜನ ಸಭೆ ಸೇರಿದರು. ಗಂಟೆಗಟ್ಟಲೆ ವಾದ ನಡೆಯಿತು. ಅವನನ್ನು 'ಟೋಡ್' ಮಾಡಿ ಅನ್ನುವ ಬೇಡಿಕೆ ಎದ್ದಿತು. ಕಪ್ಪೆ ಮಾಡುವುದು ಅಂತ ಆ ಮಾತಿನ ಅರ್ಥ. ಅಲ್ಲಿ ಅದು ಪಾತ್ರವನ್ನೇ ಅಳಿಸಿ ಹಾಕುವ ಶಿಕ್ಷೆ. ಆದರೆ ತೀರ್ಮಾನ ಮಾಡುವ ಅಧಿಕಾರ ಯಾರಿಗಿದೆ ಅನ್ನುವುದೇ ಯಾರಿಗೂ ಗೊತ್ತಿರಲಿಲ್ಲ. ಸಭೆ ಹಾಗೇ ಕರಗಿತು. ಕೊನೆಗೆ ಒಬ್ಬ ಮಾಂತ್ರಿಕ ಒಬ್ಬನೇ ಕೂತು ಬಂಗಲ್‌ನನ್ನು ಅಳಿಸಿದ.

ಪ್ರಯಾಣದಿಂದ ಮರಳಿದ ಕರ್ಟಿಸ್ ಇದನ್ನೆಲ್ಲ ನೋಡಿ ಅರ್ಜಿ ಮತ್ತು ಮತದಾನದ ವ್ಯವಸ್ಥೆ ತಂದರು. ಯಾರು ಬೇಕಾದರೂ ಅರ್ಜಿ ಬರೆಯಬಹುದು, ಸಾಕಷ್ಟು ಸಹಿ ಬಿದ್ದರೆ ಅದು ಮತಕ್ಕೆ ಹೋಗುತ್ತದೆ, ಗೆದ್ದರೆ ಮಾಂತ್ರಿಕರು ಜಾರಿಗೆ ತರುತ್ತಾರೆ. ಕಾಗದದ ಮೇಲೆ ಇದಕ್ಕಿಂತ ಚೆನ್ನಾದದ್ದು ಇನ್ನೇನಿದೆ? ಆದರೆ ಮತ ಹಾಕಿದ ಮೇಲೂ ಗುಂಡಿ ಒತ್ತಬೇಕಾದವರು ಅವರೇ. 1996ರಲ್ಲಿ ಮಾಂತ್ರಿಕರು ಇನ್ನೊಂದು ಘೋಷಣೆ ಹಾಕಿದರು: ಜನರ ವ್ಯವಹಾರದಿಂದ ದೂರ ಇರುತ್ತೇವೆ ಅನ್ನುವ ಮಾತನ್ನು ಉಳಿಸಿಕೊಳ್ಳಲು ನಮ್ಮಿಂದ ಆಗುತ್ತಿಲ್ಲ, ಬೇಕಾದಾಗ ನಾವೇ ತೀರ್ಮಾನ ಮಾಡುತ್ತೇವೆ. ಆ ಪ್ರಾಮಾಣಿಕತೆಯನ್ನು ನಾನು ಮೆಚ್ಚುತ್ತೇನೆ. ಅಧಿಕಾರ ಇಲ್ಲ ಅಂತ ಹೇಳಿಕೊಂಡು ಅಧಿಕಾರ ನಡೆಸುವುದಕ್ಕಿಂತ ಅದು ಎಷ್ಟೋ ಮೇಲು.

ದುಡ್ಡು ಕೊಟ್ಟು ಆಡುವ ಆಟಗಳಲ್ಲಿ ಆಟಗಾರರ ಕೈಗೆ ಬೇರೆ ಒಂದು ಅಸ್ತ್ರ ಸಿಕ್ಕಿತು: ಬಿಟ್ಟು ಹೋಗುವುದು. 2003ರಲ್ಲಿ ಸೆಕೆಂಡ್ ಲೈಫ್ ಅನ್ನುವ ಆನ್‌ಲೈನ್ ಲೋಕದಲ್ಲಿ ಜನ ಕಟ್ಟಿದ ಪ್ರತಿ ವಸ್ತುವಿಗೂ ತೆರಿಗೆ ಇತ್ತು. ಜಾಸ್ತಿ ಕಟ್ಟಿದವನಿಗೆ ಜಾಸ್ತಿ ಹೊರೆ. ಅಮೆರಿಕಾನಾ ಅನ್ನುವ ಊರು ಕಟ್ಟುತ್ತಿದ್ದ ಗುಂಪು ಸಿಟ್ಟಿಗೆದ್ದು, ಬ್ರಿಟಿಷರ ತೆರಿಗೆಯ ವಿರುದ್ಧ ಅಮೆರಿಕದಲ್ಲಿ ಹಿಂದೆ ನಡೆದ ಬೋಸ್ಟನ್ ಚಹಾ ದಂಗೆಯನ್ನು ನೆನಪಿಸುವ ಹಾಗೆ ಎಲ್ಲೆಡೆ ಚಹಾ ಪೆಟ್ಟಿಗೆಗಳನ್ನು ಪೇರಿಸಿತು. ತೆರಿಗೆಯ ವಿರುದ್ಧ ಮಾತನಾಡಲು ಅವರು ಮತ್ತಷ್ಟು ವಸ್ತುಗಳನ್ನೇ ಕಟ್ಟಿದರು ನೋಡಿ, ಅದು ನನಗೆ ತುಂಬಾ ಹಿಡಿಸುತ್ತದೆ. ಅದೇ ವರ್ಷದ ಕೊನೆಗೆ ಸೆಕೆಂಡ್ ಲೈಫ್‌ನ ಕಂಪನಿ ಲಿಂಡೆನ್ ಲ್ಯಾಬ್ ಆ ತೆರಿಗೆ ತೆಗೆದು, ಜಾಗಕ್ಕೆ ಶುಲ್ಕ ತೆಗೆದುಕೊಳ್ಳುವ ಪದ್ಧತಿಗೆ ಹೋಯಿತು. 2005ರ ಜನವರಿಯಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಯೋಧ ಪಾತ್ರಗಳ ಆಟಗಾರರು ಒಂದೇ ಊರಲ್ಲಿ ನೆರೆದು ಪ್ರತಿಭಟಿಸಿದಾಗ ಮಾತ್ರ ಖಾತೆಗಳೇ ಅಮಾನತಾದವು.

ಐಸ್‌ಲ್ಯಾಂಡಿನ ಬಾಹ್ಯಾಕಾಶ ಹಡಗುಗಳ ಆಟ ಈವ್ ಆನ್‌ಲೈನ್ ಈ ಹಾದಿಯಲ್ಲಿ ಎಲ್ಲರಿಗಿಂತ ಮುಂದೆ ಹೋಯಿತು. ಕಂಪನಿಯ ಒಬ್ಬ ನೌಕರ ತನ್ನ ಗುಂಪಿಗೆ ಒಳಗಿಂದ ಸಹಾಯ ಮಾಡಿದ್ದು 2007ರಲ್ಲಿ ಬಯಲಾಯಿತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಮರುವರ್ಷ ಆಟಗಾರರೇ ಮತ ಹಾಕಿ ಆರಿಸುವ ಪ್ರತಿನಿಧಿ ಮಂಡಳಿ ಬಂತು. 2011ರ ಜೂನ್‌ನಲ್ಲಿ ಪಾತ್ರ ಹಾಕಿಕೊಳ್ಳುವ ಒಂದು ಒಂಟಿಗಣ್ಣಿನ ಕನ್ನಡಕಕ್ಕೆ 60 ಡಾಲರ್‌ಗೂ ಜಾಸ್ತಿ ಬೆಲೆ ಇಟ್ಟಾಗ ಆಟಗಾರರು ರೊಚ್ಚಿಗೆದ್ದರು. ಕಂಪನಿಯ ಒಳಪತ್ರಿಕೆಯೂ ಅದೇ ಹೊತ್ತಿಗೆ ಸೋರಿ ಹೊರಬಂತು. ಜೀಟಾ ಅನ್ನುವ ವ್ಯಾಪಾರದ ಕೇಂದ್ರದಲ್ಲಿ ಒಂದು ಸ್ಮಾರಕ ಇತ್ತು. ಅದರ ಸುತ್ತ ಹಡಗುಗಳು ನೆರೆದು ಗುಂಡಿನ ಮಳೆ ಸುರಿಸಿದವು. ಎಷ್ಟು ಹೊಡೆದರೂ ಒಡೆಯದ ಸ್ಮಾರಕ ಅದು, ಹೊಡೆಯುತ್ತಿದ್ದವರಿಗೂ ಗೊತ್ತಿತ್ತು. ಅದರ ಜೊತೆಗೆ ಚಂದಾ ರದ್ದು ಮಾಡುವವರ ಸಾಲು ಬೆಳೆಯಿತು. ಕಂಪನಿ ಪ್ರತಿನಿಧಿಗಳನ್ನು ಐಸ್‌ಲ್ಯಾಂಡಿಗೆ ಕರೆಸಿ ಮಾತಾಡಿತು. ಅಕ್ಟೋಬರ್‌ನಲ್ಲಿ ಮುಖ್ಯಸ್ಥ ಹಿಲ್ಮಾರ್ ಪೆಟುರ್ಸನ್ ಬಹಿರಂಗವಾಗಿ ಕ್ಷಮೆ ಕೇಳಿದರು.

ಇಷ್ಟೂ ದೊಡ್ಡ ಕಂಪನಿಗಳ ಕತೆ. ದೇಶಗಳನ್ನೇ ಪಾತ್ರವಾಗಿ ಆಡುವ ಸಮುದಾಯಗಳಲ್ಲಿ ರಾಜಕೀಯವೇ ಆಟ. 2002ರ ನವೆಂಬರ್‌ನಲ್ಲಿ ಆಸ್ಟ್ರೇಲಿಯಾದ ಲೇಖಕ ಮ್ಯಾಕ್ಸ್ ಬ್ಯಾರಿ ತಮ್ಮ ಕಾದಂಬರಿಯ ಪ್ರಚಾರಕ್ಕೆಂದು ನೇಷನ್‌ಸ್ಟೇಟ್ಸ್ ಅನ್ನುವ ಜಾಲತಾಣದ ಆಟ ಶುರು ಮಾಡಿದರು. ಒಬ್ಬೊಬ್ಬರಿಗೂ ಒಂದು ದೇಶ, ದೇಶಗಳು ಸೇರಿ ಪ್ರದೇಶಗಳು. ಪ್ರದೇಶದಲ್ಲಿ ಯಾರಿಗೆ ಜಾಸ್ತಿ ಬೆಂಬಲದ ಗುರುತು ಬೀಳುತ್ತದೋ ಅವರೇ ಪ್ರತಿನಿಧಿ. ಬೇಡದವರನ್ನು ಹೊರಹಾಕುವ ಶಕ್ತಿಯೂ ಅವರಿಗೆ ಸಿಗಬಹುದು. 2003ರಲ್ಲಿ ದಿ ಪೆಸಿಫಿಕ್ ಅನ್ನುವ ದೊಡ್ಡ ಪ್ರದೇಶದಲ್ಲಿ ಫ್ರಾಂಕೋಸ್ ಸ್ಪೇನ್ ಅನ್ನುವ ದೇಶ ಆ ಸ್ಥಾನ ಹಿಡಿದು, ತನ್ನದು ಕ್ರಾಂತಿ ಅಂತ ಸಾರಿತು. ಹೊಸ ಪೆಸಿಫಿಕ್ ವ್ಯವಸ್ಥೆ ಅನ್ನುವ ಆಳ್ವಿಕೆ ಬಂತು. ವಿರೋಧಿಗಳು ಹೊರಬಿದ್ದರು. ಕ್ರಾಂತಿಯೋ ಕ್ಷಿಪ್ರದಂಗೆಯೋ ಅನ್ನುವ ಜಗಳ ವರ್ಷಗಟ್ಟಲೆ ನಡೆಯಿತು.

ಇಂಥ ಕಡೆ ಬೀಗದ ಕೈ ಒಂದಲ್ಲ, ಎರಡು. ಒಂದು ಆಟದ ಒಳಗಿನ ಪ್ರತಿನಿಧಿ ಸ್ಥಾನ. ಇನ್ನೊಂದು, ಸಂವಿಧಾನ, ಶಾಸನಸಭೆ, ಹಳೆಯ ಚರ್ಚೆ ಎಲ್ಲವನ್ನೂ ಇಟ್ಟುಕೊಂಡ ಹೊರಗಿನ ಚರ್ಚಾತಾಣದ ಅಡ್ಮಿನ್ ಖಾತೆ. ಮೊದಲನೆಯದನ್ನು ಕಿತ್ತುಕೊಂಡರೆ ಅದು ಆಟ. ಎರಡನೆಯದನ್ನು ಬಳಸಿ ತಾಣ ಅಳಿಸಿದರೆ ಅದು ಆಟ ಅಲ್ಲ, ಜನರ ವರ್ಷಗಳ ಬರವಣಿಗೆಯನ್ನು ಸುಟ್ಟ ಹಾಗೆ. ಅಲ್ಲಿನ ದಂಗೆಕೋರರೂ ಅದನ್ನು ಹೇಸುತ್ತಾರೆ. 2006ರಲ್ಲಿ ನೇಷನ್‌ಸ್ಟೇಟ್ಸ್‌ಗೆ 'ಪ್ರಭಾವ' ಅನ್ನುವ ಲೆಕ್ಕ ಬಂತು. ಹೆಚ್ಚು ಕಾಲ ಇದ್ದ ದೇಶವನ್ನು ಹೊರದಬ್ಬುವುದು ದುಬಾರಿಯಾಯಿತು. ಒಂದೇ ರಾತ್ರಿಯಲ್ಲಿ ಪ್ರದೇಶ ಖಾಲಿ ಮಾಡುವುದು ಕಷ್ಟವಾಯಿತು.

ಕತೆಯ ಭಾಗವಾಗಿಯೇ ಕ್ರಾಂತಿ ಕಟ್ಟುವ ಚಿಕ್ಕ ರೋಲ್‌ಪ್ಲೇ ಗುಂಪುಗಳು, ಅಂದರೆ ಒಬ್ಬೊಬ್ಬರೂ ಒಂದು ಪಾತ್ರವಾಗಿ ಮಾತಾಡಿ ಕತೆ ನಡೆಸುವವರು, ಈ ಪಾಠವನ್ನು ತಮ್ಮ ರೀತಿಯಲ್ಲಿ ಕಲಿತಿವೆ. ಅಲ್ಲಿ ಪಾತ್ರದ ಮಾತಿಗೆ ಐಸಿ ಅನ್ನುತ್ತಾರೆ, ಆಟಗಾರರ ಮಾತಿಗೆ ಓಓಸಿ. ಸೇನಾಪತಿ ಅರಮನೆಯ ಬಾಗಿಲು ಒಡೆಯುವ ಹಿಂದಿನ ದಿನ, ಅವನನ್ನು ಆಡುವವರು ರಾಣಿಯನ್ನು ಆಡುವವರಿಗೆ ಓಓಸಿಯಲ್ಲಿ ಕೇಳಿರುತ್ತಾರೆ: ನಿಮ್ಮ ಪಾತ್ರ ಸಾಯಬಹುದೇ, ಸೆರೆಯಾದರೆ ಸಾಕೇ, ತಪ್ಪಿಸಿಕೊಂಡು ಹೋಗಬೇಕೇ? ಗೆಲ್ಲುವವರು ಯಾರು ಅಂತ ಮೊದಲೇ ಒಪ್ಪಿಕೊಳ್ಳುವವರಿದ್ದಾರೆ, ದಾಳ ಉರುಳಿಸುವವರಿದ್ದಾರೆ. ನನಗೆ ದಾಳವೇ ಇಷ್ಟ, ಸೋಲುವ ಭಯ ಇಲ್ಲದ ದಂಗೆಯಲ್ಲಿ ಬಿಸಿ ಇರುವುದಿಲ್ಲ. ಆಟಗಾರನಿಗೆ ಮಾತ್ರ ಗೊತ್ತಿರುವ ಗುಟ್ಟನ್ನು ಪಾತ್ರದ ಬಾಯಲ್ಲಿ ಹೇಳಿಸುವುದಕ್ಕೆ ಮೆಟಾಗೇಮಿಂಗ್ ಅನ್ನುತ್ತಾರೆ. ಒಳಸಂಚಿನ ಕತೆಗಳು ಹಾಳಾಗುವುದು ಜಾಸ್ತಿ ಅದರಿಂದಲೇ. ಇನ್ನೊಂದು ಅಪಾಯ ಗುಂಪು ನೋಡಿಕೊಳ್ಳುವ ಮಾಡರೇಟರೇ ರಾಜನ ಪಾತ್ರ ಆಡುತ್ತಿದ್ದಾಗ. ರಾಜ ಸೋಲುವ ಹೊತ್ತಿಗೆ ದಂಗೆಕೋರ ಬ್ಯಾನ್ ಆದರೆ ಆ ಗುಂಪಿನಲ್ಲಿ ಮತ್ತೆ ಯಾರೂ ಮನಸ್ಸಿಟ್ಟು ಆಡುವುದಿಲ್ಲ.

ಬೀಗದ ಕೈ ಹಿಡಿದವನನ್ನು ಬಿಟ್ಟು ಹೊರಗೆ ನಡೆದು ತೋರಿಸಿದವರೂ ಇದ್ದಾರೆ. 1979ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ರಾಬರ್ಟ್ ಬೆನ್ ಮ್ಯಾಡಿಸನ್ ಅನ್ನುವ 14 ವರ್ಷದ ಹುಡುಗ ತನ್ನ ಮಲಗುವ ಕೋಣೆಯನ್ನೇ ಟಲೋಸ್ಸಾ ರಾಜ್ಯ ಅಂತ ಘೋಷಿಸಿದ. ಫಿನ್ನಿಶ್ ಭಾಷೆಯಲ್ಲಿ ಆ ಮಾತಿಗೆ 'ಮನೆಯ ಒಳಗೆ' ಅಂತ ಅರ್ಥ. ಇಂಟರ್ನೆಟ್ ಬಂದ ಮೇಲೆ ಮುಖ ನೋಡದ ಪ್ರಜೆಗಳು ಬಂದರು, ಪಕ್ಷಗಳು ಬಂದವು, ಚುನಾವಣೆಗಳು ಬಂದವು. 2004ರ ಜೂನ್‌ನಲ್ಲಿ ರಾಜನ ಜೊತೆ ಜಗಳವಾಡಿದ ಪ್ರಜೆಗಳು ಸಿಂಹಾಸನಕ್ಕೆ ಕೈ ಹಾಕಲಿಲ್ಲ. ಎದ್ದು ಹೊರಬಂದು ಟಲೋಸ್ಸಾ ಗಣರಾಜ್ಯ ಅಂತ ಬೇರೆಯೇ ಶುರು ಮಾಡಿದರು. ಮರುವರ್ಷ ಮ್ಯಾಡಿಸನ್ ಕಿರೀಟ ಬಿಟ್ಟು ಹೋದರು. ರಾಜ್ಯವೂ ಗಣರಾಜ್ಯವೂ ಬೇರೆ ಬೇರೆಯಾಗಿಯೇ ನಡೆದವು. 2012ರಲ್ಲಿ, ಎಂಟು ವರ್ಷ ಆದ ಮೇಲೆ, ಎರಡೂ ಕಡೆಯವರು ಮಾತುಕತೆ ಮಾಡಿ ಒಂದಾದರು. ಗಣರಾಜ್ಯದ ಜನ ಮರಳಿ ಬಂದದ್ದು ರಾಜ ಇರುವ ದೇಶಕ್ಕೇ, ಆದರೆ ಅಲ್ಲಿ ಆಗ ಇದ್ದದ್ದು ಬೇರೆ ರಾಜ.