ವ್ಯಾಕ್ಯೂಮ್ ವಾಲ್ವ್ ಬೈಪಾಸ್ ಅಂದ್ರೆ ಏನು?

ಹಳೇ ಪೆಟ್ರೋಲ್ ಕಾರಿನ ಬಾನೆಟ್ ಎತ್ತಿದರೆ ಪೆನ್ಸಿಲ್ ದಪ್ಪದ ಕಪ್ಪು ರಬ್ಬರ್ ಹೋಸ್‌ಗಳು ಅಲ್ಲಲ್ಲಿ ಕಾಣುತ್ತವೆ. ಬಹಳಷ್ಟರಲ್ಲಿ ಪೆಟ್ರೋಲೂ ಇಲ್ಲ, ನೀರೂ ಇಲ್ಲ. ಇರುವುದು ಎಳೆತ ಮಾತ್ರ. ಇಂಜಿನ್ ಗಾಳಿ ಎಳೆದುಕೊಳ್ಳುವಾಗ ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಒಯ್ಯುವ ಕೊಳವೆ) ಒಳಗಿನ ಒತ್ತಡ ಹೊರಗಿನದಕ್ಕಿಂತ ಇಳಿಯುತ್ತದೆ. ಅದೇ ವ್ಯಾಕ್ಯೂಮ್. ಸರಿಯಾಗಿರುವ ಇಂಜಿನ್ ಐಡಲ್‌ನಲ್ಲಿದ್ದಾಗ, ಅಂದರೆ ಆಕ್ಸಿಲರೇಟರ್ ಒತ್ತದೆ ಸುಮ್ನೆ ಓಡುತ್ತಿರುವಾಗ, ಎಳೆತ ಅಳೆಯುವ ಗೇಜ್ ಸುಮಾರು 17ರಿಂದ 21 ಇಂಚು ಪಾದರಸ ತೋರಿಸುತ್ತದೆ.

ಈ ಎಳೆತವನ್ನು ಯಾವಾಗ ಬಿಡಬೇಕು, ಯಾವಾಗ ತಡೆಯಬೇಕು ಅಂತ ನೋಡಿಕೊಳ್ಳುವುದೇ ವ್ಯಾಕ್ಯೂಮ್ ವಾಲ್ವ್. ಥರ್ಮಲ್ ವಾಲ್ವ್ ಅದರಲ್ಲೊಂದು ಬಗೆ. ಇಂಜಿನ್ ತಂಪು ಮಾಡುವ ಕೂಲೆಂಟ್ ಹರಿಯುವ ಕಡೆ ಇದನ್ನು ತಿರುಪಿ ಕೂರಿಸಿರುತ್ತಾರೆ. ಇಂಜಿನ್ ಬಿಸಿಯಾದ ಮೇಲೆ ದಾರಿ ಬಿಡುತ್ತದೆ. ಆಗ ಇಜಿಆರ್ (ಸುಟ್ಟ ಹೊಗೆಯನ್ನು ವಾಪಸ್ ಕಳಿಸುವ ವಾಲ್ವ್) ತೆರೆದು, ಸುಟ್ಟ ಹೊಗೆಯಲ್ಲಿ ಸ್ವಲ್ಪ ಮತ್ತೆ ಸಿಲಿಂಡರ್‌ಗೆ ಹೋಗುತ್ತದೆ. ಉರಿಯ ಬಿಸಿ ತಗ್ಗಿ ನೈಟ್ರೋಜನ್ ಆಕ್ಸೈಡ್ ಎಂಬ ವಿಷದ ಹೊಗೆ ಕಡಿಮೆಯಾಗುತ್ತದೆ.

ವಾಲ್ವ್ ಕೆಟ್ಟಾಗ ಕಿವಿಗೆ ಬೀಳುವ ಮಾತು ‘ಬೈಪಾಸ್ ಮಾಡಿಬಿಡಿ’. ಗೊಂದಲ ಶುರುವಾಗುವುದೇ ಇಲ್ಲಿ. ಈ ಒಂದೇ ಮಾತಿನಲ್ಲಿ ಎರಡು ಕೆಲಸ ಸೇರಿಕೊಂಡಿವೆ, ಅದೂ ಒಂದಕ್ಕೊಂದು ಉಲ್ಟಾ.

ಮೊದಲನೆಯದು ಜೋಡಿಸುವುದು. ವಾಲ್ವ್ ತೆಗೆದು ಎರಡೂ ಹೋಸ್‌ಗಳನ್ನು ಚಿಕ್ಕ ಜಾಯಿಂಟ್ ಹಾಕಿ ಸೇರಿಸುತ್ತಾರೆ. ಆಮೇಲೆ ತಡೆಯುವವರೇ ಇಲ್ಲ. ತಣ್ಣಗಿರುವಾಗಲೂ ಇಜಿಆರ್ ತೆರೆಯುತ್ತದೆ, ಬೆಳಿಗ್ಗೆ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ತಡವರಿಸುತ್ತದೆ. ಎರಡನೆಯದು ಮುಚ್ಚುವುದು. ಎಳೆತ ಬರುವ ಹೋಸ್‌ಗೆ ರಬ್ಬರ್ ಮುಚ್ಚಳ ಹಾಕುತ್ತಾರೆ. ಗಾಡಿ ಚೆನ್ನಾಗೇ ಓಡಿದಂತೆ ಕಾಣುತ್ತದೆ. ಆದರೆ ಇಜಿಆರ್ ತೆರೆಯುವುದೇ ಇಲ್ಲ. ವಿಷದ ಹೊಗೆ ಜಾಸ್ತಿಯಾಗುತ್ತದೆ, ಕೆಲವು ಇಂಜಿನ್‌ಗಳಲ್ಲಿ ವೇಗ ಹಿಡಿಯುವಾಗ ಕಟಕಟ ಸದ್ದೂ ಬರುತ್ತದೆ. ಹೋಸ್ ಬಾಯಿ ಸುಮ್ನೆ ತೆರೆದು ಬಿಡುವುದು ಬೈಪಾಸೇ ಅಲ್ಲ, ಅದು ಲೀಕ್.

ನನ್ನ ಮಟ್ಟಿಗೆ ಬೈಪಾಸ್ ಅಂದರೆ ಪರೀಕ್ಷೆ, ರಿಪೇರಿ ಅಲ್ಲ. ಐಡಲ್ ಏರಿಳಿಯುತ್ತಿದೆ, ಎಲ್ಲೋ ‘ಸ್ಸ್’ ಅನ್ನುತ್ತಿದೆ ಅಂದುಕೊಳ್ಳಿ. ಮ್ಯಾನಿಫೋಲ್ಡ್‌ನಿಂದ ಬರುವ ಸಣ್ಣ ಹೋಸನ್ನು ವಾಲ್ವಿನಿಂದ ಕಿತ್ತು ಬಾಯಿಗೆ ಬೆರಳು ಒತ್ತಿ. ಚರ್ಮ ಒಳಕ್ಕೆ ಎಳೆದಂತಾಗುತ್ತದೆ. ಅಷ್ಟರಲ್ಲೇ ಇಂಜಿನ್ ಸಮ ಆಯಿತೋ, ತೂತು ವಾಲ್ವಿನಲ್ಲಿದೆ ಅಥವಾ ಅದರಾಚೆ ಇದೆ. ಬೆಲ್ಟ್, ಫ್ಯಾನ್ ಹತ್ತಿರ ಕೈ ಹೋಗದಿರಲಿ. ಬ್ರೇಕ್ ಬೂಸ್ಟರ್‌ಗೆ ಹೋಗುವ ದಪ್ಪ ಹೋಸನ್ನಂತೂ ಮುಚ್ಚಿ ಗಾಡಿ ಓಡಿಸಲೇಬೇಡಿ, ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ.

ಬೈಪಾಸ್ ಮಾಡಿ ಹಾಗೇ ಬಿಟ್ಟರೆ ಆಗಲ್ವಾ ಅಂತ ಕೇಳಬಹುದು. ಹಲವು ದೇಶಗಳಲ್ಲಿ ಹೊಗೆ ತಡೆಯುವ ಭಾಗ ಕಿತ್ತುಹಾಕುವುದು ಕಾನೂನಿಗೆ ವಿರುದ್ಧ. ಅದಕ್ಕಿಂತ ಮುಖ್ಯವಾಗಿ, ಆ ಗಾಳಿಯನ್ನು ಉಸಿರಾಡುವವರು ನಾವೇ ಅಲ್ವಾ.

ಅನುಮಾನ ಉಳಿದರೆ, ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ವಾಲ್ವ್ ಬಿಚ್ಚಿ. ಒಂದು ಮೂತಿಗೆ ಸ್ವಚ್ಛ ಪೈಪ್ ಸಿಕ್ಕಿಸಿ ಊದಿ. ಬಿಸಿಗೆ ತೆರೆಯುವ ಬಗೆಯಾದರೆ ತಣ್ಣಗಿದ್ದಾಗ ಗಾಳಿ ದಾಟಬಾರದು. ಆಮೇಲೆ ತಿರುಪಿನ ಭಾಗವನ್ನು ಕುದಿಯುವ ನೀರಿನಲ್ಲಿ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಊದಿ. ಈಗ ದಾಟಬೇಕು. ದಾಟದಿದ್ದರೆ ಹೊಸ ವಾಲ್ವ್ ತನ್ನಿ.