ಕಡಲ ಮರಳಿನಲ್ಲಿ ಪೈಲ್ ಯಾಕೆ ವಾಲುತ್ತದೆ? 0.9ರ ಹಿಂದಿನ ಕತೆ

ಸಮುದ್ರದಲ್ಲಿ ನಿಂತ ಗಾಳಿಯಂತ್ರಕ್ಕೆ ಅಲೆ, ಗಾಳಿ ಎರಡೂ ಪಕ್ಕದಿಂದ ಬಡಿಯುತ್ತವೆ. ಅದರ ಆಯುಷ್ಯದಲ್ಲಿ ಈ ಬಡಿತ ಕೋಟಿಗಟ್ಟಲೆ ಸಲ ಆಗುತ್ತದೆ. ಪ್ರತಿ ಸಲವೂ ಮರಳಿನ ಕಣಗಳು ಚೂರು ಜಾಗ ಬದಲಿಸುತ್ತವೆ. ಯಂತ್ರವನ್ನು ಹೊತ್ತು ಮರಳಿನೊಳಗೆ ಹೂತಿರುವ ಕಂಬ, ಅಂದರೆ ಪೈಲ್, ಪೂರ್ತಿ ಹಿಂದಕ್ಕೆ ಬರುವುದಿಲ್ಲ, ಉಳಿದ ಓರೆ ಸೇರುತ್ತಾ ಹೋಗುತ್ತದೆ. ಶಾಶ್ವತ ಓರೆಗೆ ಸಾಮಾನ್ಯವಾಗಿ ಇಟ್ಟುಕೊಳ್ಳುವ ಮಿತಿ ಬರೀ 0.25 ಡಿಗ್ರಿ.

ಪಕ್ಕದ ಒತ್ತಡಕ್ಕೆ ಪೈಲ್ ಎಷ್ಟು ಸರಿಯುತ್ತದೆ ಎಂಬ ಲೆಕ್ಕದ ಮೂಲ ಇರುವುದು ಕಡಲಿನ ತೈಲ ವೇದಿಕೆಗಳ ಕಾಲದಲ್ಲಿ. 1966ರಲ್ಲಿ ಟೆಕ್ಸಾಸ್‌ನ ಮಸ್ಟಾಂಗ್ ದ್ವೀಪದ ಮರಳಿನಲ್ಲಿ ಪೈಲ್‌ಗಳನ್ನು ಪಕ್ಕಕ್ಕೆ ತಳ್ಳಿ ನೋಡಿದರು. ವ್ಯಾಸ 61 ಸೆಂಟಿಮೀಟರ್, ಆಳ 21 ಮೀಟರ್, ಅಂದರೆ ಉದ್ದನೆಯ ಸಪೂರ ಪೈಲ್. ಆ ಫಲಿತಾಂಶಗಳಿಂದ ಪಿ-ವೈ ಕರ್ವ್‌ಗಳು (ಪೈಲ್ ಇಷ್ಟು ಸರಿದರೆ ಮರಳು ಎಷ್ಟು ಬಲದಿಂದ ತಡೆಯುತ್ತದೆ ಎಂದು ತೋರಿಸುವ ಗೆರೆಗಳು) ಬಂದವು, ಆಮೇಲೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐಯ ನಿಯಮಗಳಿಗೂ ಸೇರಿದವು. ಇಡೀ ಗೊಂದಲ ಇರುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ನೋಡೋಣ.

ಮತ್ತೆ ಮತ್ತೆ ಬೀಳುವ ಒತ್ತಡಕ್ಕೆ ಮರಳಿನ ತಡೆಯುವ ಬಲವನ್ನು ಕಡಿತ ಮಾಡಲು ಆ ಕರ್ವ್‌ಗಳ ಸೂತ್ರ ಕೊಡುವುದು 0.9 ಎಂಬ ಒಂದೇ ಗುಣಕ. ನೂರು ಬಡಿತಕ್ಕೂ ಅದೇ, ಕೋಟಿ ಬಡಿತಕ್ಕೂ ಅದೇ! ಅದೂ ಅಲ್ಲದೆ ಆಳವು ವ್ಯಾಸದ ಸುಮಾರು 2.6 ಪಟ್ಟು ದಾಟಿದ ಮೇಲೆ ಒಂದೇ ಸಲದ ಒತ್ತಡಕ್ಕೂ ಗುಣಕ 0.9ಕ್ಕೇ ಇಳಿದಿರುತ್ತದೆ, ಹಾಗಾಗಿ ಅದರ ಕೆಳಗೆ ಬಡಿತದ ಪರಿಣಾಮ ಲೆಕ್ಕಕ್ಕೇ ಬರುವುದಿಲ್ಲ. ತೈಲ ವೇದಿಕೆಗೆ ಇದು ಸಾಕಿತ್ತು. ಅಲ್ಲಿ ದೊಡ್ಡ ಬಿರುಗಾಳಿಯೊಂದನ್ನು ತಡೆದುಕೊಂಡರೆ ಆಯಿತು, ಓರೆಯ ಚಿಂತೆ ಇಷ್ಟು ಇರಲಿಲ್ಲ.

ಗಾಳಿಯಂತ್ರಗಳು ಬಂದ ಮೇಲೆ ಎಲ್ಲ ಬದಲಾಯಿತು. 2002ರಲ್ಲಿ ಡೆನ್ಮಾರ್ಕಿನ ಹಾರ್ನ್ಸ್ ರೆವ್‌ನಲ್ಲಿ 80 ಯಂತ್ರಗಳು ಸುಮಾರು 4 ಮೀಟರ್ ವ್ಯಾಸದ ಮೋನೋಪೈಲ್ (ಯಂತ್ರಕ್ಕೆ ಒಂದೇ ದೊಡ್ಡ ಪೈಲ್) ಮೇಲೆ ನಿಂತವು. ಈಗ 8 ಮೀಟರ್ ದಾಟಿವೆ. ಇಂಥ ದಪ್ಪ, ಗಿಡ್ಡ ಪೈಲ್ ಬಾಗುವುದಕ್ಕಿಂತ ಜಾಸ್ತಿ ಇಡಿಯಾಗಿ ತಿರುಗುತ್ತದೆ. ಆದರೂ ಸೂತ್ರ ಹಳೆಯದೇ ಮುಂದುವರಿಯಿತು. ಅಳತೆ ಇಷ್ಟು ಬದಲಾದಾಗ ಹೊಸ ಪ್ರಯೋಗಗಳು ಮೊದಲೇ ನಡೆಯಬೇಕಿತ್ತು ಅಲ್ವಾ?

2010ರಲ್ಲಿ ಸಂಶೋಧಕರಾದ ಲೆಬ್ಲಾಂಕ್, ಹೌಲ್ಸ್‌ಬಿ, ಬೈರ್ನ್ ಪ್ರಯೋಗಾಲಯದ ಚಿಕ್ಕ ಪೈಲ್‌ಗೆ ಸಾವಿರಾರು ಸಲ ಒತ್ತಡ ಕೊಟ್ಟು ನೋಡಿದರು. ಓರೆ ಬಡಿತಗಳ ಸಂಖ್ಯೆಯ 0.31ನೇ ಘಾತಕ್ಕೆ ತಕ್ಕಂತೆ ಬೆಳೆಯಿತು. ಪೈಲ್‌ನ ಬಿಗಿ (ಸ್ಟಿಫ್‌ನೆಸ್) ಮಾತ್ರ ಕಡಿಮೆಯಾಗುವ ಬದಲು ಜಾಸ್ತಿಯಾಯಿತು. ಒಂದೇ ಕಡೆಗೆ ಎಳೆದು ಬಿಡುವುದಕ್ಕಿಂತ, ಎದುರು ಕಡೆಗೂ ಸ್ವಲ್ಪ ಎಳೆಯುವ ಒತ್ತಡದಲ್ಲೇ ಓರೆ ಹೆಚ್ಚು. ಬರೀ ಬಲ ಕಡಿತ ಮಾಡುವ ಸೂತ್ರದಲ್ಲಿ ಇದ್ಯಾವುದೂ ಸಿಗುವುದಿಲ್ಲ.

ಆ ದಶಕದಲ್ಲೇ ಪಿಸಾ ಎಂಬ ಪೈಲ್ ಸಂಶೋಧನಾ ಯೋಜನೆ ಫ್ರಾನ್ಸಿನ ಡಂಕರ್ಕ್ ಮರಳಿನಲ್ಲಿ 2 ಮೀಟರ್ ವ್ಯಾಸದವರೆಗಿನ ಪೈಲ್‌ಗಳನ್ನು ಪರೀಕ್ಷಿಸಿತು. ಆದರೆ ಅದರಿಂದ ಬಂದ ವಿನ್ಯಾಸ ವಿಧಾನ ಮುಖ್ಯವಾಗಿ ಒಂದೇ ಸಲ ತಳ್ಳುವುದಕ್ಕೆ. ಬಡಿತದ ದಿಕ್ಕು ಬದಲಾಗುತ್ತಾ ಹೋದರೆ ಓರೆ ಎಷ್ಟು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಈಗಾಗಲೇ ಕಡಲಲ್ಲಿ ನಿಂತಿರುವ ಯಂತ್ರಗಳ ಓರೆಯ ಅಳತೆಗಳನ್ನು ಎಲ್ಲರಿಗೂ ತೆರೆದಿಟ್ಟರೆ ಈ ಕೆಲಸ ಬೇಗ ಸಾಗುತ್ತದೆ.